ಪ್ಯಾಕಿಂಗ್ ಬದಲಿಸಿದ ಪ್ರಸಂಗ

ವಿಭಾಗದ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಿತ್ರರು ಬರೆದಾಗ, ಗ್ರಂಥಸಂಪಾದನೆಯ ಬಗೆಗೆ ಏನಾದರೂ ಬರೆದುಕೊಡುವುದಾಗಿ ಒಪ್ಪಿಕೊಂಡೆ. ಈ ವಿಭಾಗದಲ್ಲಿ ನಾನು ಕಲಿತ ವಿದ್ಯೆ ಅದು, ಪಿಎಚ್.ಡಿ. ಪದವಿ ಪಡೆದದ್ದೂ ಅದರಲ್ಲಿಯೇ. ಬರೆಯಲು ಕುಳಿತಾಗ ಮಾತ್ರ ಕಣ್ಣೆದುರಿಗೆ ಬಂದು ನಿಂತದ್ದು, 2020ರ ಏಪ್ರಿಲ್ ತಿಂಗಳಿನಲ್ಲಿ ಫರೀದಾಬಾದಿನ ನಮ್ಮ ಮನೆಯ ಮುಂದೆ ನಾನು ಬಿಚ್ಚಿಟ್ಟುಕೊಂಡು ಕುಳಿತಿದ್ದ ಹಳೆಯ ಮಾರುತಿ 800 ಕಾರಿನ ಎಂಜಿನ್. ಅದನ್ನು ಬದಿಗಿರಿಸಿ ಓಲೆಗರಿಯ ಮಾತನ್ನು ಆರಂಭಿಸಲು ಎರಡು ಸಲ ಪ್ರಯತ್ನಿಸಿದೆ. ಆಗಲಿಲ್ಲ. ಆದುದರಿಂದ ಮೊದಲು ಕಾರಿನ ಕಥೆಯನ್ನೇ ಹೇಳಿಬಿಡುತ್ತೇನೆ. ಎರಡಕ್ಕೂ ಇರುವ ಸಂಬಂಧ ಮುಂದೆ ತಿಳಿದೀತು.

ದೆಹಲಿಯಲ್ಲಿ ಕನ್ನಡ ಪಾಠ ಹೇಳುವ ಕೆಲಸ ದೊರೆತಾಗ ಆ ನಗರದ ಮನೆ ಬಾಡಿಗೆಯನ್ನು ಭರಿಸಲಾರದೆ ನಾವು ಫರೀದಾಬಾದಿಗೆ ಬಂದು ನೆಲೆಸಿದೆವು. ಇದು ಹರಿಯಾಣ ರಾಜ್ಯಕ್ಕೆ ಸೇರಿದ, ಬದರಪುರದ ಗಡಿಯನ್ನು ದಾಟಿದೊಡನೆ ಆರಂಭವಾಗುವ ಕಾರ್ಖಾನೆಗಳ ಊರು. ಕಾರನ್ನು ಕೊಂಡದ್ದು 2009ರಲ್ಲಿ. 1983ರ ಡಿಸೆಂಬರಿನಲ್ಲಿ ನೆರೆಯ ಗುರುಗಾಂವದಿಂದ ಹೊರಬಿದ್ದು ನಮ್ಮ ಮಧ್ಯಮವರ್ಗದ ಕನಸನ್ನೇ ಬದಲಿಸಿದ ಆ ಪುಟ್ಟ ವಾಹನದ ಕೊನೆಯ ವರ್ಷಗಳವು. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಮೂರು ಸಿಲಿಂಡರುಗಳ, 796 ಸಿ.ಸಿ.ಯ ಸಣ್ಣ ಎಂಜಿನ್. 2015ರಲ್ಲಿ ಮೆಟ್ರೋ ರೈಲು ಫರೀದಾಬಾದಿಗೆ ಬಂದ ಮೇಲೆ ನಾನು ಕಾರನ್ನು ಹೆಚ್ಚು ಬಳಸುತ್ತಿರಲಿಲ್ಲ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆಂಬುದು ನನಗೆ ತಿಳಿದಿರಲಿಲ್ಲ.

2019ರಲ್ಲಿ ನನ್ನ ತಾಯಿಗೆ ಮೂತ್ರಪಿಂಡದ ಕಾಯಿಲೆ ಬಂದಿತು. ಊರಿನಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಅವಳನ್ನು ಇಲ್ಲಿಗೆ ಕರೆತಂದೆ. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಆಸ್ಪತ್ರೆ ಮನೆಯಿಂದ ಏಳು ಕಿಲೋಮೀಟರ್. ಹೀಗೆ ಮೂಲೆಯಲ್ಲಿ ನಿಂತಿದ್ದ ಕಾರಿಗೆ ಮತ್ತೆ ಕೆಲಸ ಬಂದಿತು; ಅದರ ಹಿಂದೆಯೇ ಸೋರಿಕೆಯೂ ಬಂದಿತು. ಬೆಳಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ರೂಪಾಯಿ ಅಗಲದ ಎಣ್ಣೆಯ ಕಲೆ. ಸ್ವಲ್ಪ ದೂರ ಹೋದರೆ ಸುಟ್ಟ ವಾಸನೆ. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಮುಚ್ಚಳದ ಸಂದಿನಿಂದ ಜಿನುಗಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಫೆಬ್ರವರಿಯಲ್ಲಿ ಬಡಾವಣೆಯ ಮಿಸ್ತ್ರಿಗೆ ತೋರಿಸಿದೆ. ಅವನು ನೋಂದಣಿ ಪತ್ರವನ್ನು ನೋಡಿ, "ಇನ್ನು ನಾಲ್ಕು ವರ್ಷದ ಗಾಡಿ, ಪ್ರೊಫೆಸರ್ ಸಾಹೇಬ್. ಸುಮ್ಮನೆ ದುಡ್ಡು ಸುರಿಯಬೇಡಿ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳು ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿತ್ತು. ಸಾವಿನ ದಿನ ಮೊದಲೇ ಗೊತ್ತಾದ ಯಂತ್ರಕ್ಕೆ ಯಾರು ಶ್ರದ್ಧೆಯಿಂದ ಚಿಕಿತ್ಸೆ ಮಾಡುತ್ತಾರೆ? ಅವನು ಮುಚ್ಚಳವನ್ನು ತೆಗೆದು, ಹಳೆಯ ರಬ್ಬರ್ ಪ್ಯಾಕಿಂಗ್‌ನ ಮೇಲೆಯೇ ಬೂದುಬಣ್ಣದ ಅಂಟನ್ನು ಧಾರಾಳವಾಗಿ ಮೆತ್ತಿ, ಉಸಿರುಗಟ್ಟಿ ಬಿಗಿದು ಕೊಟ್ಟ. ಗ್ಯಾಸ್ಕೆಟ್ ಎಂಬ ಹೆಸರು ಪುಸ್ತಕದಲ್ಲಿ ಮಾತ್ರ. ಹುಬ್ಬಳ್ಳಿಯಿಂದ ಫರೀದಾಬಾದಿನವರೆಗೆ ಗ್ಯಾರೇಜಿನಲ್ಲಿ ಅದು ಪ್ಯಾಕಿಂಗ್. ಸ್ಪ್ಯಾನರನ್ನು ಇಲ್ಲಿಯವರು ಪಾನಾ ಎನ್ನುತ್ತಾರೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿಯೂ ಅದೇ ಮಾತು. ಪರಭಾಷೆಯ ಊರಿನಲ್ಲಿ ಮನೆಯ ಪದವೊಂದು ಎಣ್ಣೆಯ ಕೈಗಳಲ್ಲಿ ಸಿಕ್ಕಿದಾಗ ಆಗುವ ಸಂತೋಷ ಭಾಷೆಯ ಮೇಷ್ಟರಿಗೆ ಮಾತ್ರ ತಿಳಿದೀತು.

ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮೆಟ್ರೋ ಇಲ್ಲ, ಆಟೋ ಇಲ್ಲ. ನಮ್ಮ ಮಿಸ್ತ್ರಿ ಬಿಹಾರದ ತನ್ನ ಊರಿಗೆ ಹೊರಟುಹೋಗಿದ್ದ. ಡಯಾಲಿಸಿಸ್‌ಗೆ ಮಾತ್ರ ಬಾಗಿಲು ಹಾಕಲು ಬರುವುದಿಲ್ಲ. ಆಸ್ಪತ್ರೆಯ ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡು ವಾರಕ್ಕೆರಡು ಸಲ ಹೋಗಿಬರುತ್ತಿದ್ದೆ. ಏಪ್ರಿಲಿನ ಎರಡನೆಯ ವಾರ, ಪೊಲೀಸರ ನಾಕಾಬಂದಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಬಾನೆಟ್ಟಿನ ಅಂಚಿನಿಂದ ಹೊಗೆ ಎದ್ದಿತು. ಕಾವಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಇಳಿದು ನೋಡಿದರೆ ಎಣ್ಣೆಯ ಜೊತೆಗೆ ಈಗ ನೀರೂ ಸೋರುತ್ತಿದೆ: ಥರ್ಮೋಸ್ಟಾಟ್ ಇರುವ ಸಣ್ಣ ಮುಚ್ಚಳದ ಕೆಳಗಿನಿಂದ ಹಸಿರು ನೀರಿನ ಎಳೆ. ಒಬ್ಬ ಪೇದೆ ದೂರದಿಂದಲೇ ಬಾಟಲಿಯಲ್ಲಿ ನೀರು ಉರುಳಿಸಿದ. ಹಿಂದಿನ ಸೀಟಿನಲ್ಲಿ ಮಲಗಿದ್ದ ತಾಯಿ ಕಣ್ಣು ತೆರೆಯದೆಯೇ ಕೇಳಿದಳು: "ಇದಕ್ಕೂ ನನ್ನಂಗ ಆತೇನೋ? ಒಳಗಿಂದ ಸೋರಾಕ ಹತ್ತೇತಿ."

ಎಂಜಿನ್ ಆರುವವರೆಗೆ ಕಾಯ್ದು, ನೀರು ತುಂಬಿ, ಹೇಗೋ ಆಸ್ಪತ್ರೆ ಮುಟ್ಟಿದೆವು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೀರು ಇಳಿದು ಎಂಜಿನ್ ಅತಿಯಾಗಿ ಕಾದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಅದಕ್ಕೂ ಬ್ಲಾಕಿಗೂ ನಡುವಿನ ದೊಡ್ಡ ಪ್ಯಾಕಿಂಗ್ ಸುಟ್ಟುಹೋಗುತ್ತದೆ. ಆಮೇಲೆ ಗಾಡಿ ಅಲುಗಾಡುವುದಿಲ್ಲ. ಇಷ್ಟನ್ನು ಕಾರಿನ ಕೈಪಿಡಿಯಿಂದಲೂ ಫೋನಿನಲ್ಲಿ ಸಿಕ್ಕಿದ ಒಬ್ಬ ಹಳೆಯ ವಿದ್ಯಾರ್ಥಿಯಿಂದಲೂ ತಿಳಿದುಕೊಂಡೆ. ಮುಂದಿನ ಸರದಿಗೆ ಮೂರು ದಿನಗಳಿದ್ದವು.

ಮೊದಲ ದಿನ ನಾನು ಮಾಡಿದ್ದು ಎಲ್ಲ ಪಂಡಿತರೂ ಮಾಡುವ ಕೆಲಸ. ಸೋರುತ್ತಿದೆಯೆಂದರೆ ಸಡಿಲವಾಗಿದೆ, ಸಡಿಲವಾಗಿದ್ದರೆ ಬಿಗಿಯಬೇಕು ಎಂದು ತರ್ಕ ಹೂಡಿ ಟ್ಯಾಪೆಟ್ ಮುಚ್ಚಳದ ಬೋಲ್ಟುಗಳನ್ನು ಮತ್ತಷ್ಟು ಬಿಗಿದೆ. ಎಂಜಿನ್ ಚಾಲೂ ಮಾಡಿ ನೋಡಿದರೆ ಸೋರಿಕೆ ಮೊದಲಿಗಿಂತ ಹೆಚ್ಚು. ಎರಡನೆಯ ದಿನ ಬೆಳಗ್ಗೆ ಪರಿಚಯದ ಬಿಡಿಭಾಗಗಳ ವ್ಯಾಪಾರಿಯೊಬ್ಬರನ್ನು ಅಂಗಲಾಚಿ, ಅವರ ಮನೆಯ ಬಾಗಿಲಿನಿಂದಲೇ ಹೊಸ ರಬ್ಬರ್ ಪ್ಯಾಕಿಂಗ್ ತಂದೆ. ಥರ್ಮೋಸ್ಟಾಟಿನ ಕಾಗದದ ಪ್ಯಾಕಿಂಗ್ ಅವರಲ್ಲಿ ಇರಲಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಮುಚ್ಚಿದೆ. ಮತ್ತೆ ಸೋರಿತು. ಹೊಸ ವಸ್ತು, ಹೊಸ ಶ್ರಮ, ಹಳೆಯ ಕಲೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಗಮನಿಸುತ್ತಿದ್ದ ವೃದ್ಧರೊಬ್ಬರಿದ್ದರು. ಬಡಾವಣೆಯವರೆಲ್ಲ ಅವರನ್ನು ತಾವೂಜಿ ಎಂದು ಕರೆಯುತ್ತಿದ್ದರು. ನಮ್ಮ ದೊಡ್ಡಪ್ಪ ಎಂಬಂತೆ. ಇಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯೊಂದರ ಎಂಜಿನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮುಖಕ್ಕೆ ಟವೆಲ್ ಸುತ್ತಿಕೊಂಡು ಎದ್ದು ಬಂದು, ಆರು ಅಡಿ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಮಾಸ್ಟರ್‌ಜೀ, ಹಳೆಯದನ್ನು ತೆಗೆದಿರಾ?"

"ತೆಗೆದೆ, ತಾವೂಜಿ. ಇಗೋ ಇಲ್ಲಿದೆ."

"ಅದು ಪ್ಯಾಕಿಂಗ್. ಅದನ್ನು ತೆಗೆದಿರಿ. ಅದರ ಮೇಲೆ ಮೆತ್ತಿದ್ದನ್ನು ತೆಗೆದಿರಾ?"

ಬಗ್ಗಿ ನೋಡಿದೆ. ಎಂಜಿನ್ನಿನ ಅಂಚಿನ ಉದ್ದಕ್ಕೂ, ಮುಚ್ಚಳದ ಗಾಡಿಯೊಳಗೂ ಹಳೆಯ ಅಂಟು ಒಣಗಿದ ಹಿಟ್ಟಿನಂತೆ ಕಚ್ಚಿಕೊಂಡಿತ್ತು. ನಾನು ಹೊಸದನ್ನು ಅದರ ಮೇಲೆಯೇ ಕೂರಿಸಿದ್ದೆ.

ಈ ವೃದ್ಧರ ಬಗೆಗೆ ಸ್ವಲ್ಪ ಹೇಳಬೇಕು. ಫರೀದಾಬಾದಿನ ಈ ಭಾಗವನ್ನು ಎನ್‌ಐಟಿ ಎನ್ನುತ್ತಾರೆ. ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್ ಎಂಬುದರ ಸಂಕ್ಷೇಪ. ಬಡಾವಣೆಗಳಿಗೆ ಹೆಸರಿಲ್ಲ, ಒಂದರಿಂದ ಐದರವರೆಗೆ ಸಂಖ್ಯೆಗಳಷ್ಟೆ. ದೇಶವಿಭಜನೆಯ ಅನಂತರ ವಾಯವ್ಯ ಗಡಿ ಪ್ರಾಂತದ ಬನ್ನೂ, ಡೇರಾ ಇಸ್ಮಾಯಿಲ್ ಖಾನ್ ಮುಂತಾದ ಜಿಲ್ಲೆಗಳಿಂದ ಬಂದ ನಿರಾಶ್ರಿತರು 1949ರಿಂದಾಚೆಗೆ ತಮ್ಮ ಕೈಯಿಂದಲೇ ಕಟ್ಟಿಕೊಂಡ ಊರು ಇದು. ಗುತ್ತಿಗೆದಾರರಿಗೆ ಕೊಡದೆ ನಿರಾಶ್ರಿತರ ಸಹಕಾರ ಸಂಘಗಳ ಮೂಲಕವೇ ಮನೆ ಕಟ್ಟಿಸಬೇಕೆಂದು ದುಡಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅವರು ಸ್ಥಾಪಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನವರೂ ಮುಖ್ಯರು. ಆ ಪ್ರಯೋಗದ ಏಳುಬೀಳುಗಳನ್ನು ಎಲ್. ಸಿ. ಜೈನ್ ಅವರು ಪುಸ್ತಕವಾಗಿಯೇ ಬರೆದಿದ್ದಾರೆ. ಯುದ್ಧಪರಿಹಾರವಾಗಿ ಜರ್ಮನಿಯಿಂದ ಬಂದು ಬಿದ್ದಿದ್ದ ವಿದ್ಯುದಾಗಾರದ ಯಂತ್ರಗಳನ್ನು ಜೋಡಿಸಿ ನಿಲ್ಲಿಸಿದ್ದೂ ಈ ನಿರಾಶ್ರಿತರ ಕೈಗಳೇ. ತಾವೂಜಿಯವರ ತಂದೆ ಬನ್ನೂವಿನಲ್ಲಿ ಬಟ್ಟೆಯಂಗಡಿ ಇಟ್ಟಿದ್ದವರು. ಇಲ್ಲಿಗೆ ಬಂದು ಗಾರೆ ಕಲಸಿದರು, ಆಮೇಲೆ ಪಾನಾ ಹಿಡಿಯಲು ಕಲಿತರು. ಐದು ವರ್ಷದ ಹುಡುಗನಾಗಿ ಡೇರೆಯಲ್ಲಿ ಬೆಳೆದ ಮಗನಿಗೆ ಆ ವಿದ್ಯೆ ಬಂದಿತು. ಬನ್ನೂವಿನ ನುಡಿ ಮಾತ್ರ ಅವರ ಮಕ್ಕಳಿಗೆ ಬಂದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಆಡಲು ಮನೆಯಲ್ಲಿ ಯಾರೂ ಇಲ್ಲವೆಂದು ಒಮ್ಮೆ ಹೇಳಿದ್ದರು.

ಆ ಮಧ್ಯಾಹ್ನವೆಲ್ಲ ನಾನು ಮಾಡಿದ್ದು ಕೆರೆಯುವ ಕೆಲಸ. ಮೊದಲು ಎಣ್ಣೆ ಇಳಿಯುವ ಕಂಡಿಗಳಿಗೆಲ್ಲ ಹಳೆಯ ಪಂಚೆಯ ತುಂಡುಗಳನ್ನು ತುರುಕಿದೆ. ಕೆರೆದ ಪುಡಿ ಒಳಗೆ ಬಿದ್ದರೆ ತಳದ ಜಾಲರಿಗೆ ಸಿಕ್ಕಿ ಎಣ್ಣೆಯ ದಾರಿಯೇ ಕಟ್ಟುತ್ತದೆ. ಅಂಟನ್ನು ಧಾರಾಳವಾಗಿ ಮೆತ್ತುವುದರ ಅಪಾಯವೂ ಇದೇ ಎಂದು ತಾವೂಜಿ ಹೇಳಿದರು: ಹೊರಗೆ ಕಾಣುವಷ್ಟೇ ಒಳಕ್ಕೂ ಉಬ್ಬಿರುತ್ತದೆ, ಕಾಲಾನಂತರ ಎಳೆ ಎಳೆಯಾಗಿ ಕಳಚಿ ಬೀಳುತ್ತದೆ. ನಾನು ಬ್ಲೇಡು ಕೈಗೆತ್ತಿಕೊಂಡಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅಲ್ಯೂಮಿನಿಯಂ ಮೆದು, ಉಕ್ಕಿನ ಅಲಗು ಒಂದು ಗೀರು ಹಾಕಿದರೆ ಅದೇ ಎಣ್ಣೆಗೆ ಕಾಲುವೆಯಾಗುತ್ತದೆ. ಬಿದಿರಿನ ಚಕ್ಕೆ, ಸೀಮೆಎಣ್ಣೆ, ಬಟ್ಟೆ, ತಾಳ್ಮೆ. ಯಾವುದು ಅಂಟು, ಯಾವುದು ಲೋಹ ಎಂದು ಬೆರಳ ತುದಿಯಿಂದ ತಿಳಿಯಬೇಕು. ಕಣ್ಣಿಗೆ ಎರಡೂ ಒಂದೇ ಬೂದು. ನನ್ನ ಹೆಂಡತಿ ಟಾರ್ಚ್ ಹಿಡಿದು ನಿಂತಿದ್ದಳು. ನಾನು ನುಣುಪಾಯಿತೆಂದ ಜಾಗದಲ್ಲಿ ಅವಳ ಬೆರಳಿಗೆ ಇನ್ನೂ ಉಬ್ಬು ಸಿಗುತ್ತಿತ್ತು.

ನಮ್ಮ ವಿಭಾಗದಲ್ಲಿ ಎಂ.ಎ. ಓದುತ್ತಿದ್ದಾಗ ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ನಮಗೆ ಸಾಲು ಸಾಲಾಗಿ ಪಾಠ ಹೇಳಿದ ಗುರುಗಳೊಬ್ಬರಿದ್ದರು. ಲಿಪಿಕಾರನ ಅಜ್ಞಾನಕ್ಕಿಂತ ಅವನ ಜಾಣತನಕ್ಕೆ ಹೆಚ್ಚು ಹೆದರಬೇಕೆಂದು ಅವರು ಎಚ್ಚರಿಸುತ್ತಿದ್ದರು. ಅಜ್ಞಾನಿ ತಪ್ಪಿ ಬರೆದರೆ ತಪ್ಪು ತಪ್ಪಾಗಿಯೇ ಕಾಣುತ್ತದೆ. ಜಾಣ ತಿದ್ದಿ ಬರೆದರೆ ಛಂದಸ್ಸೂ ಕೂಡುತ್ತದೆ, ಅರ್ಥವೂ ಕೂಡುತ್ತದೆ, ಕವಿಯ ಮಾತು ಮಾತ್ರ ಶಾಶ್ವತವಾಗಿ ಅಡಗಿಹೋಗುತ್ತದೆ. ಆ ಮಾತನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಅದೇ ನಾನು ಪ್ರಬಂಧಕ್ಕಾಗಿ ಭಾಮಿನಿ ಷಟ್ಪದಿಯ ಅಪ್ರಕಟಿತ ಕಾವ್ಯವೊಂದನ್ನು ಸಂಪಾದಿಸುವಾಗ ಮಾಡಿದ್ದೇನು? ಒಂದು ಪದ್ಯದ ಐದನೆಯ ಸಾಲಿನಲ್ಲಿ ಗರಿಗೆ ಹುಳು ಹಿಡಿದು ನಾಲ್ಕು ಮಾತ್ರೆಗಳಷ್ಟು ಗ್ರಂಥಪಾತವಾಗಿತ್ತು. ನನಗಿದ್ದದ್ದು ಅದೊಂದೇ ಪ್ರತಿ. ಪ್ರಾಸ, ಮಾತ್ರೆ, ಭಾವ ಎಲ್ಲಕ್ಕೂ ಒಪ್ಪುವ ಸಂಸ್ಕೃತ ಪದವೊಂದನ್ನು ಹುಡುಕಿ ಕೂರಿಸಿದೆ. ಊಹಾಪಾಠವೆಂದು ಆವರಣದಲ್ಲಿ ತೋರಿಸಬೇಕಾಗಿತ್ತು. ಅಷ್ಟು ಚೆನ್ನಾಗಿ ಕೂಡಿದ್ದರಿಂದ ಆವರಣವನ್ನು ತೆಗೆದುಬಿಟ್ಟೆ. ಅಚ್ಚಾದ ಮೇಲೆ ಇಬ್ಬರು ವಿದ್ವಾಂಸರು ಆ ಪದವನ್ನೇ ಎತ್ತಿ ಕವಿಯ ಶಬ್ದಶಕ್ತಿಯನ್ನು ಕೊಂಡಾಡಿದರು. ನಾನು ಸುಮ್ಮನಿದ್ದೆ.

2006ರಲ್ಲಿ ಮಠವೊಂದರ ಕಟ್ಟುಗಳಲ್ಲಿ ಅದೇ ಕಾವ್ಯದ ಇನ್ನೊಂದು ಓಲೆಪ್ರತಿ ದೊರೆಯಿತು. ಅದರಲ್ಲಿ ಆ ಜಾಗ ಇಡಿಯಾಗಿತ್ತು. ಅಲ್ಲಿದ್ದದ್ದು ಒಂದು ಸಾದಾ ಕನ್ನಡ ಮಾತು, ನನ್ನ ತಾಯಿ ದಿನವೂ ಆಡುವಂಥದು. ನೆರಳಚ್ಚು ಮಾಡಿಸಿಕೊಂಡು ಬಂದು, ಟಿಪ್ಪಣಿ ಬರೆದು, ದಪ್ಪ ರಟ್ಟಿನ ಕಡತವೊಂದರಲ್ಲಿ ಇಟ್ಟೆ. ಮುಂದಿನ ಮುದ್ರಣದಲ್ಲಿ ಸರಿಪಡಿಸೋಣವೆಂದುಕೊಂಡೆ. ಕನ್ನಡದಲ್ಲಿ ಇಂಥ ಪುಸ್ತಕಗಳಿಗೆ ಎರಡನೆಯ ಮುದ್ರಣ ಎಲ್ಲಿಯದು?

ಸಂಜೆಯ ಹೊತ್ತಿಗೆ ಎರಡು ಮುಖಗಳೂ ಬೆಳ್ಳಗಾದವು. ಅಂಟಿಲ್ಲದೆ, ಒಣ ರಬ್ಬರನ್ನೇ ಅದರ ಗಾಡಿಯಲ್ಲಿ ಕೂರಿಸಿ, ನಡುವಿನ ಬೋಲ್ಟಿನಿಂದ ಆರಂಭಿಸಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕೆಂದು ತಾವೂಜಿ ಹೇಳಿದರು. ಪಾನಾವನ್ನು ಅದರ ಬಾಲದಲ್ಲಿ ಹಿಡಿಯಲು ಬಿಡಲಿಲ್ಲ. ತಲೆಯ ಹತ್ತಿರ ಮೂರು ಬೆರಳುಗಳಿಂದ ಹಿಡಿಸಿದರು. ಬೋಲ್ಟಿನ ಬುಡದಲ್ಲಿ ಅತಿಯಾಗಿ ಒತ್ತಿದರೆ ಮುಚ್ಚಳ ಎರಡು ಬೋಲ್ಟುಗಳ ನಡುವೆ ಬಿಲ್ಲಿನಂತೆ ಮೇಲೇಳುತ್ತದೆ. ಮೊದಲ ದಿನ ನಾನು ಬಿಗಿದಂತೆಲ್ಲ ಸೋರಿಕೆ ಹೆಚ್ಚಿದ್ದು ಅದಕ್ಕೇ. ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಕಾದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಆ ಕೂದಲೆಳೆಯ ವ್ಯತ್ಯಾಸವನ್ನು ನಡುವಿನ ಮೆತ್ತನೆಯ ವಸ್ತು ತನ್ನ ಮೇಲೆ ತೆಗೆದುಕೊಳ್ಳಬೇಕು. ಮನೆ ಎಂಬುದಕ್ಕೆ ಅನ್ನು ಪ್ರತ್ಯಯ ಸೇರುವಾಗ ನಡುವೆ ಬಂದು ನಿಲ್ಲುವ ಯಕಾರ ನನಗೆ ನೆನಪಾಯಿತು. ಅತ್ತಣದೂ ಅಲ್ಲ, ಇತ್ತಣದೂ ಅಲ್ಲ. ಅದಿಲ್ಲದಿದ್ದರೆ ಸ್ವರಗಳೆರಡೂ ಬಾಯಲ್ಲಿ ಢಿಕ್ಕಿ ಹೊಡೆಯುತ್ತವೆ. ಆಗಮಸಂಧಿಯನ್ನು ಇಪ್ಪತ್ತೈದು ವರ್ಷ ಬೋಧಿಸಿಯೂ ಇಷ್ಟು ಸುಲಭದ ಉದಾಹರಣೆ ನನಗೆ ಹೊಳೆದಿರಲಿಲ್ಲ. ಇದನ್ನು ತಾವೂಜಿಯವರಿಗೆ ಹಿಂದಿಯಲ್ಲಿ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಇನ್ನು ಥರ್ಮೋಸ್ಟಾಟಿನ ಪುಟ್ಟ ಮುಚ್ಚಳ. ಹಳೆಯ ಕಾಗದದ ಪ್ಯಾಕಿಂಗ್ ನೀರಿನಲ್ಲಿ ನೆಂದು ಎರಡು ತುಂಡಾಗಿತ್ತು. "ಕಾಗದದ ಪಂಡಿತರು ನೀವು. ಮನೆಯಲ್ಲಿ ದಪ್ಪ ಕಾಗದ ಇಲ್ಲವೇ?" ಎಂದರು ತಾವೂಜಿ. ಮದುವೆಯ ಕರೆಯೋಲೆಗಳನ್ನು ತಂದು ತೋರಿಸಿದೆ. ಮೇಲಿನ ಬಣ್ಣದ ಹೊಳಪು ಬೇಡವೆಂದರು. ಒಳಗೆ ಹೋಗಿ ಕಪಾಟನ್ನು ಹುಡುಕಿದಾಗ ಕೈಗೆ ಸಿಕ್ಕಿದ್ದು ಆ ಕಡತ. ಹಾಳೆಗಳನ್ನು ಹೊರತೆಗೆದಿಟ್ಟು ಬರಿಯ ರಟ್ಟನ್ನು ತಂದುಕೊಟ್ಟೆ. ಉಗುರಿನಿಂದ ಒತ್ತಿ ನೋಡಿ ಒಪ್ಪಿದರು.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ದೂರದ ನಿಯಮವನ್ನು ಮರೆತು ಹತ್ತಿರ ಬಂದು, ರಟ್ಟನ್ನು ಮುಚ್ಚಳದ ಮುಖದ ಮೇಲೆ ಹರಡಿ ಎಡಗೈಯಿಂದ ಒತ್ತಿಹಿಡಿದರು. ಬಲಗೈಯಲ್ಲಿ ಗುಂಡುತಲೆಯ ಸಣ್ಣ ಸುತ್ತಿಗೆ. ಬೋಲ್ಟಿನ ರಂಧ್ರಗಳ ಮೇಲೆ ಗುಂಡುತಲೆಯಿಂದ ಮೆಲ್ಲನೆ ತಟ್ಟಿದರು. ಎರಡು ದುಂಡು ಚೂರುಗಳು ಕಳಚಿ ಬಿದ್ದವು. ಅನಂತರ ಅಂಚಿನುದ್ದಕ್ಕೂ ಟಿಕ್ ಟಿಕ್ ಎಂದು ತಟ್ಟುತ್ತಾ ಹೋದರು. ಕತ್ತರಿಯಿಲ್ಲ, ಅಳತೆಯಿಲ್ಲ. ಲೋಹದ ಅಂಚೇ ಕಾಗದವನ್ನು ತನ್ನ ಆಕಾರಕ್ಕೆ ಕತ್ತರಿಸಿಕೊಳ್ಳುತ್ತಿತ್ತು. ಕೈ ನಡುಗುತ್ತಿದ್ದ ಆ ಮುದುಕರ ಸುತ್ತಿಗೆ ಒಮ್ಮೆಯೂ ಜಾಗ ತಪ್ಪಲಿಲ್ಲ. ಕಾಗದದ ಎರಡೂ ಬದಿಗೆ ಬೆರಳಿನಿಂದ ಗ್ರೀಸ್ ಸವರಿ ಕೂರಿಸಿದರು. "ಇದು ಕಾರ್ಖಾನೆಯ ಮಾಲಲ್ಲ, ಮಾಸ್ಟರ್‌ಜೀ. ಅಂಗಡಿ ತೆರೆದ ದಿನ ಬದಲಿಸಿಬಿಡಿ" ಎಂದೂ ಹೇಳಿದರು. ನೀರು ತುಂಬಿ, ಗುಳ್ಳೆಗಳು ನಿಲ್ಲುವವರೆಗೆ ರೇಡಿಯೇಟರಿನ ಬಾಯಿ ತೆರೆದಿಟ್ಟು ಎಂಜಿನ್ ಓಡಿಸಿದೆವು. ಫ್ಯಾನು ತಾನಾಗಿ ತಿರುಗಿ, ನಿಂತು, ಮತ್ತೆ ತಿರುಗಿತು. ಕೆಳಗೆ ಹಾಸಿದ್ದ ಹಳೆಯ ದಿನಪತ್ರಿಕೆ ಬೆಳಗ್ಗೆಯವರೆಗೂ ಒಣಗಿಯೇ ಇತ್ತು.

ಶುಕ್ರವಾರ ಅದೇ ನಾಕಾಬಂದಿಯಲ್ಲಿ ಅದೇ ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ನನ್ನ ಕಣ್ಣು ಕಾವಿನ ಮುಳ್ಳಿನ ಮೇಲೆಯೇ ಇತ್ತು. ಅದು ಅರ್ಧಕ್ಕಿಂತ ಮೇಲೇರಲಿಲ್ಲ. ತಾಯಿ ಗಾಳಿಯನ್ನು ಮೂಸಿ, "ಇವತ್ತ ವಾಸನಿ ಇಲ್ಲ ನೋಡು" ಎಂದಳು. ಯಾರು ಸರಿಮಾಡಿದರೆಂದು ಕೇಳಿದಳು. ಹೇಳಿದೆ. ಅಂದು ಸಂಜೆ ತನ್ನ ಪಥ್ಯದ ನಡುವೆಯೂ ಸೊಸೆಯಿಂದ ಹೋಳಿಗೆ ಮಾಡಿಸಿ ಪಕ್ಕದ ಮನೆಗೆ ಕಳುಹಿಸಿದಳು. ತಾವೂಜಿ ಕಟ್ಟೆಯ ಮೇಲಿಂದ ಬನ್ನೂವಿನ ನುಡಿಯಲ್ಲಿ ಏನೋ ಹೇಳಿದರು. ಅವಳು ಕಿಟಕಿಯಿಂದ ಕನ್ನಡದಲ್ಲಿ ಉತ್ತರಿಸಿದಳು. ಇಬ್ಬರಿಗೂ ಅರ್ಥವಾದಂತೆ ಕಂಡಿತು. ಈ ವ್ಯವಹಾರ ಬೇಸಗೆಯೆಲ್ಲ ನಡೆಯಿತು.

ಜೂನ್ ತಿಂಗಳಿನಲ್ಲಿ ಅಂಗಡಿಗಳು ತೆರೆದವು. ಕಾಗದದ ಪ್ಯಾಕಿಂಗ್ ಬದಲಿಸಬೇಕೆಂದು ಹಲವು ಸಲ ಅಂದುಕೊಂಡೆ, ಸೋರದಿದ್ದುದರಿಂದ ಮುಟ್ಟಲಿಲ್ಲ. ತಾಯಿ ಮರುವರ್ಷದ ಜನವರಿಯಲ್ಲಿ ಮನೆಯಲ್ಲಿಯೇ ತೀರಿಕೊಂಡಳು. ಆ ಒಂಬತ್ತು ತಿಂಗಳುಗಳಲ್ಲಿ ಒಂದು ಸರದಿಯೂ ತಪ್ಪಿರಲಿಲ್ಲ. ತಾವೂಜಿ ಎರಡು ವರ್ಷಗಳ ಮೇಲೆ ಹೋದರು. 2024ರಲ್ಲಿ ಹದಿನೈದು ವರ್ಷ ತುಂಬಿ ಗಾಡಿಯ ನೋಂದಣಿ ಮುಗಿಯಿತು. ಗುಜರಿ ಕೇಂದ್ರದವರು ಬಂದು ಎಳೆದುಕೊಂಡು ಹೋದರು. ಹೋಗುವ ಮುನ್ನ ಬಾನೆಟ್ ಎತ್ತಿ ನೋಡಿದೆ. ಎರಡು ಸಂದುಗಳೂ ಒಣಗಿದ್ದವು. ಆ ನಿಯಮದ ಬಗೆಗೆ ನ್ಯಾಯಾಲಯದಲ್ಲಿ 2025ರಲ್ಲಿ ಮತ್ತೆ ಮಾತುಗಳಾದವು, ಆದರೆ ಅಷ್ಟರಲ್ಲಿ ನಮ್ಮ ಗಾಡಿ ಹೋಗಿ ತಿಂಗಳುಗಳಾಗಿದ್ದವು.

ಹೊರತೆಗೆದಿಟ್ಟ ಹಾಳೆಗಳು ಆಗಿನಿಂದಲೂ ನನ್ನ ಮೇಜಿನ ಮೇಲೆ ರಟ್ಟಿಲ್ಲದೆ ಬಿದ್ದಿದ್ದವು. ಒಂದು ಮೂಲೆಯಲ್ಲಿ ಆಕಾರ ಕತ್ತರಿಸಿ ಹೋದ ಕಡತವನ್ನು ಎಸೆಯಲು ಮನಸ್ಸು ಬಾರದೆ ಅದನ್ನೂ ಪಕ್ಕದಲ್ಲಿಯೇ ಇರಿಸಿದ್ದೆ. ಈ ಲೇಖನವನ್ನು ಬರೆಯುವ ಮೊದಲು ಆ ನೆರಳಚ್ಚುಗಳನ್ನು ಮತ್ತೊಮ್ಮೆ ಓದಿ, ನನ್ನ ಪ್ರಬಂಧದ ಆ ಪದ್ಯಕ್ಕೆ ತಿದ್ದೋಲೆಯನ್ನು ಸಿದ್ಧಪಡಿಸಿದೆ: ಹೊಸ ಪ್ರತಿಯ ಪಾಠ, ನನ್ನ ಊಹಾಪಾಠ, ಅದು ಊಹೆಯೆಂಬ ಸ್ಪಷ್ಟ ಹೇಳಿಕೆ. ಒಂದು ಪುಟವಾಗಿದೆ. ಅದನ್ನು ಈ ಬರೆಹದೊಂದಿಗೆ ಸಂಪಾದಕರಿಗೆ ಕಳುಹಿಸುತ್ತಿದ್ದೇನೆ. ಸಂಪುಟದಲ್ಲಿ ಸ್ಥಳ ಕಡಿಮೆಯಿದ್ದರೆ ಬರೆಹವನ್ನು ಮೊಟಕುಗೊಳಿಸಿ ಆ ಪುಟವನ್ನು ಅಚ್ಚುಮಾಡಬೇಕಾಗಿ ಕೋರುತ್ತೇನೆ.